ನರವು ಮೌನವಾದಾಗ ಕಣ್ಣಿನ ಸ್ನಾಯು



ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಮನೆಗಳಲ್ಲಿ ಮಧುಮೇಹವು ಈಗ ಅಪರೂಪದ ವ್ಯಾಧಿಯಲ್ಲ. ಅದರಿಂದ ಬಳಲುವ ಹಿರಿಯರಿಗೆ ಒಂದು ದಿನ ಇದ್ದಕ್ಕಿದ್ದಂತೆ ಎದುರಿನ ಬಸ್ಸು ಎರಡಾಗಿ ಕಾಣುವುದುಂಟು. ಅಂಗೈಯಲ್ಲಿನ ಇಷ್ಟಲಿಂಗವು ಒಂದಾಗಿಯೇ ತೋರಬಹುದು; ದೂರದ್ದು ಮಾತ್ರ ಎರಡು. ಒಂದು ಕಣ್ಣನ್ನು ಮುಚ್ಚಿದೊಡನೆ ತೊಂದರೆ ಮಾಯ. ಕೆಲವರು ಕನ್ನಡಕ ಬದಲಿಸುತ್ತಾರೆ, ಕೆಲವರು ಕಣ್ಣಿಗೆ ಎಣ್ಣೆ ಬಿಡುತ್ತಾರೆ. ಆದರೆ ದೋಷವಿರುವುದು ನೋಟದಲ್ಲಲ್ಲ, ಕಣ್ಣನ್ನು ತಿರುಗಿಸುವ ಸ್ನಾಯುವಿನ ನರದಲ್ಲಿ.

ಪ್ರತಿ ಕಣ್ಣನ್ನೂ ಆರು ಸ್ನಾಯುಗಳು ಹೊರಳಿಸುತ್ತವೆ. ಅವುಗಳಿಗೆ ಮಿದುಳಿನ ಆಜ್ಞೆಯನ್ನು ಒಯ್ಯುವ ನರಗಳು ಮೂರು. ಕಣ್ಣನ್ನು ಕಿವಿಯ ಕಡೆಗೆ ಎಳೆಯುವ ಸ್ನಾಯುವಿಗೆ ಆರನೆಯ ಕಪಾಲನರವೊಂದೇ ಆಧಾರ. ಮಧುಮೇಹ, ರಕ್ತದೊತ್ತಡಗಳಿಂದ ಈ ನರಕ್ಕೆ ರಕ್ತ ಸಾಲದಾದರೆ, ಅಥವಾ ಅಪಘಾತದಲ್ಲಿ ತಲೆಗೆ ಬಲವಾದ ಪೆಟ್ಟು ಬಿದ್ದರೆ, ಆಜ್ಞೆ ನಿಲ್ಲುತ್ತದೆ.

ಆಗ ಸ್ನಾಯುವಿನ ಗತಿಯೇನು? ಕೈಕಾಲಿನ ಸ್ನಾಯುವಾದರೆ ನರ ಕಡಿದ ಕೆಲವೇ ವಾರಗಳಲ್ಲಿ ಎಳೆಗಳು ಸೊರಗುತ್ತವೆ. ಬಹುಕಾಲ ಕಳೆದರೆ ಅವುಗಳ ಎಡೆಯಲ್ಲಿ ಕೊಬ್ಬು, ನಾರು ತುಂಬುತ್ತವೆ. ಕಣ್ಣಿನ ಸ್ನಾಯುವಿನ ಸ್ವಭಾವ ಬೇರೆ. ಅದರ ಎಳೆಗಳು ಅಷ್ಟು ಬೇಗ ಕರಗುವುದಿಲ್ಲವೆಂದೂ, ಎಲ್ಲವೂ ಒಂದೇ ಬಗೆಯಾಗಿ ಬದಲಾಗುವುದಿಲ್ಲವೆಂದೂ ಪ್ರಾಣಿಪ್ರಯೋಗಗಳಲ್ಲಿ ಕಂಡುಬಂದಿದೆ. ಕೈಕಾಲಿನ ಒಂದು ಎಳೆಗೆ ಸಾಮಾನ್ಯವಾಗಿ ಒಂದೇ ನರಸಂಧಿ. ಇಲ್ಲಿ ಕೆಲವು ಎಳೆಗಳಿಗೆ ಉದ್ದಕ್ಕೂ ಹಲವು. ಎಳೆಯನ್ನು ಮರಳಿ ಕಟ್ಟಬಲ್ಲ ಕೋಶಗಳೂ ಇಲ್ಲಿ ಹೆಚ್ಚು ಚುರುಕು.

ಮಧುಮೇಹದಿಂದ ಬಂದ ಈ ತೊಂದರೆಯು ಬಹುಮಟ್ಟಿಗೆ 3ರಿಂದ 6 ತಿಂಗಳಲ್ಲಿ ಇಳಿಯುತ್ತದೆ. ಆದುದರಿಂದಲೇ ವೈದ್ಯರು ಶಸ್ತ್ರಚಿಕಿತ್ಸೆಗೆ ಅವಸರಪಡುವುದಿಲ್ಲ. ಆದರೆ ಅಷ್ಟರಲ್ಲಿ ಎದುರು ಬದಿಯ ಸ್ನಾಯುವು ತಡೆಯಿಲ್ಲದೆ ಕಣ್ಣನ್ನು ಮೂಗಿನತ್ತ ಎಳೆದು, ತಾನೇ ಗಿಡ್ಡವಾಗಿ ಬಿಗಿಯಬಹುದು. ಅದನ್ನು ಸುಮಾರು 3 ತಿಂಗಳು ಸಡಿಲಿಸಿಡಲು ಕೆಲವೊಮ್ಮೆ ಬೊಟುಲಿನಂ ಚುಚ್ಚುಮದ್ದನ್ನು ಕೊಡುತ್ತಾರೆ. ಮೆಳ್ಳೆಗಣ್ಣಿಗೆ ಈ ಚಿಕಿತ್ಸೆಯ ಫಲವನ್ನು ಅಮೆರಿಕದ ವೈದ್ಯ ಅಲನ್ ಸ್ಕಾಟ್ 1980ರಲ್ಲಿ ಪ್ರಕಟಿಸಿದರು.

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೋ ಕೂಡಲೇ ಹೋಗಿ ತೋರಿಸಬೇಕು. ಸಕ್ಕರೆ, ರಕ್ತದೊತ್ತಡಗಳನ್ನು ಹತೋಟಿಗೆ ತರಬೇಕು. ಎರಡು ಕಾಣುವಷ್ಟು ದಿನ ವಾಹನ ನಡೆಸಕೂಡದು. ರೆಪ್ಪೆ ಜೋತುಬಿದ್ದು, ಪಾಪೆ ಹಿಗ್ಗಿ, ತೀವ್ರ ತಲೆನೋವು ಬಂದರಂತೂ ಆ ಗಳಿಗೆಯೇ ಆಸ್ಪತ್ರೆ ಸೇರಬೇಕು. ಮಿದುಳಿನ ರಕ್ತನಾಳ ಉಬ್ಬಿ ನರವನ್ನು ಒತ್ತುತ್ತಿರಬಹುದು.

ಸ್ನಾಯುವಿಗೆ ಕಾಯುವ ತಾಳ್ಮೆಯಿದೆ. ಮನೆಯವರು ಮಾತ್ರ ವೈದ್ಯರನ್ನು ಕಾಣುವುದಕ್ಕೆ ತಡಮಾಡಬಾರದು.