ವರ್ಷಕ್ಕೆ ಹನ್ನೆರಡು ಪುಸ್ತಕ: ಹಾವೇರಿ ಜಿಲ್ಲೆಗೊಂದು ಪಂಥ

ಜನವರಿ ಬಂತೆಂದರೆ ಶಪಥ ಮಾಡುವವರ ಕಾಲ. ಒಬ್ಬ ಬೀಡಿ ಬಿಡುತ್ತೇನೆ ಅನ್ನುತ್ತಾನೆ, ಇನ್ನೊಬ್ಬ ಬೆಳಗಿನ ವಾಕಿಂಗ್ ಹಿಡಿಯುತ್ತಾನೆ. ಸಂಕ್ರಾಂತಿಯ ಕುಸುರೆಳ್ಳು ಮುಗಿಯುವ ಹೊತ್ತಿಗೆ ಬೀಡಿ ತಿರುಗಿ ತುಟಿಗೆ ಬಂದಿರುತ್ತದೆ, ವಾಕಿಂಗಿನ ಬೂಟು ಮಂಚದ ಕೆಳಗೆ ಸೇರಿರುತ್ತದೆ. ಈಚಿನ ವರ್ಷಗಳಲ್ಲಿ ಈ ಸಾಲಿಗೆ ಇನ್ನೊಂದು ಶಪಥ ಕೂಡಿಕೊಂಡಿದೆ. “ಈ ವರ್ಷ ಐವತ್ತೆರಡು ಪುಸ್ತಕ, ವಾರಕ್ಕೊಂದು” ಎಂದು ಮೊಬೈಲಿನಲ್ಲಿ ಡಂಗುರ ಹೊಡೆಯುವುದು. ಮುಂದೆ ಓದಿದ್ದೆಷ್ಟು, ಬಾಕಿ ಎಷ್ಟು ಎಂದು ಲೆಕ್ಕ ಹಾಕಿ ತೋರಿಸುವುದು.

ಓದುವವರನ್ನು ಗೇಲಿ ಮಾಡುವುದು ಈ ಅಂಕಣದ ಕೆಲಸವಲ್ಲ. ಆದರೆ ಪುಸ್ತಕವೇನು ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಚೀಲವೇ? ಲಾರಿಯಿಂದ ಎಷ್ಟು ಇಳಿಯಿತು, ಎಷ್ಟು ಏರಿತು ಅಂತ ಎಣಿಸುತ್ತ ಕೂಡುವುದಕ್ಕೆ? ವಾರಕ್ಕೊಂದರಂತೆ ಓಡುವವನು ತೆಳ್ಳನೆಯ ಪುಸ್ತಕ ಹುಡುಕುತ್ತಾನೆ. ‘ಮಲೆಗಳಲ್ಲಿ ಮದುಮಗಳು’ ಕಂಡರೆ ದೂರದಿಂದಲೇ ಕೈ ಮುಗಿಯುತ್ತಾನೆ. ಕೊನೆಗೆ ಲೆಕ್ಕ ಉಳಿಯುತ್ತದೆ, ಓದಿದ್ದು ತಲೆಯಲ್ಲಿ ಉಳಿಯುವುದಿಲ್ಲ.

ಹಾಗಂತ ಶಪಥವೇ ಬೇಡ ಅನ್ನಲಾಗದು. ಸಂಸಾರಸ್ಥರಿಗೆ ಓದು ತಾನಾಗಿ ಒದಗುವುದಿಲ್ಲ. ಹೊಲದ ಕೆಲಸ, ಅಂಗಡಿ, ಮಕ್ಕಳ ಟ್ಯೂಷನ್ನು, ಊರಿನ ಮದುವೆ-ಮುಂಜಿ ಎಲ್ಲಕ್ಕೂ ದಿನ ಗೊತ್ತುಮಾಡುತ್ತೇವೆ. ಓದಿಗೆ ಮಾತ್ರ “ಪುರುಸೊತ್ತು ಆದಾಗ” ಅನ್ನುತ್ತೇವೆ. ಆ ಪುರುಸೊತ್ತು ಬರುವುದು ಪಿಂಚಣಿಯ ಜೊತೆಗೆ, ಕಣ್ಣಿಗೆ ಪೊರೆ ಬಂದಾಗ. ಅದಕ್ಕೇ ಒಂದು ಸಣ್ಣ ಪಂಥ ಇದ್ದರೆ ಚಲೋ. ವರ್ಷಕ್ಕೆ ಹನ್ನೆರಡು ಸಾಕು, ತಿಂಗಳಿಗೊಂದು. ದಿನಕ್ಕೆ ಹತ್ತು ಪುಟ ಓದಿದರೆ ತಿಂಗಳಿಗೆ ಮುನ್ನೂರು ಪುಟ ಆಯಿತು. ಕನ್ನಡದ ಬಹುಪಾಲು ಕಾದಂಬರಿಗಳು ಅಷ್ಟರೊಳಗೇ ಮುಗಿಯುತ್ತವೆ.

ಆದರೆ ನಮ್ಮ ಜಿಲ್ಲೆಯವರಿಗೆ ಈ ಪಂಥದಲ್ಲಿ ಒಂದು ಷರತ್ತು. ಹನ್ನೆರಡರಲ್ಲಿ ಕನಿಷ್ಠ ಎಂಟು ಪುಸ್ತಕಗಳನ್ನು ಊರಿನ ಸಾರ್ವಜನಿಕ ಗ್ರಂಥಾಲಯದಿಂದಲೇ ತಂದು ಓದಬೇಕು.

ಯಾಕೆ ಅಂತೀರಾ? ಏಪ್ರಿಲ್ ತಿಂಗಳಲ್ಲಿ ನೂರಕ್ಕೆ ಐದು ರಿಯಾಯಿತಿ ಸಿಗುತ್ತದೆಂದು ಮನೆ ತೆರಿಗೆ ಕಟ್ಟಲು ಪಾಳಿ ಹಚ್ಚುತ್ತೀರಲ್ಲ, ಆ ಚಲನ್ ಮತ್ತೊಮ್ಮೆ ತೆಗೆದು ನೋಡಿ. ತೆರಿಗೆಯ ಕೆಳಗೆ ಗ್ರಂಥಾಲಯ ಸೆಸ್ ಎಂದೊಂದು ಸಾಲು ಇದೆ. ತೆರಿಗೆಯ ಮೇಲೆ ನೂರಕ್ಕೆ ಆರು. ಮೂರು ಸಾವಿರ ತೆರಿಗೆ ಕಟ್ಟುವವನು ನೂರಾ ಎಂಬತ್ತು ರೂಪಾಯಿ ಪುಸ್ತಕಕ್ಕೆಂದೇ ಕೊಡುತ್ತಾನೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದಾಗಿನಿಂದ ಜನ ಈ ಸೆಸ್ ತೆರುತ್ತಲೇ ಇದ್ದಾರೆ. ಜಾತ್ರೆಯ ವಂತಿಗೆ ಕೊಟ್ಟವನು ಪ್ರಸಾದ ಬಿಡುವುದಿಲ್ಲ. ಪುಸ್ತಕಕ್ಕೆ ವಂತಿಗೆ ಕೊಟ್ಟವನು ಮಾತ್ರ ಆ ಕಟ್ಟಡದ ಮುಂದೆ ಬೈಕು ನಿಲ್ಲಿಸಿ ಎದುರಿನ ಹೋಟೆಲಿನಲ್ಲಿ ಮಿರ್ಚಿ ತಿಂದು ಹೋಗುತ್ತಾನೆ.

ಯಾವ ಊರಿನ ಗ್ರಂಥಾಲಯಕ್ಕೆ ಹೋದರೂ ಈಗ ಎರಡು ಥರದ ಜನ ಕಾಣುತ್ತಾರೆ. ಪೇಪರು ಓದುವ ಹಿರಿಯರು. ಕೆಪಿಎಸ್ಸಿ, ಪೊಲೀಸು, ಬ್ಯಾಂಕು ಎಂದು ಪರೀಕ್ಷೆಗೆ ಕೂತ ಹುಡುಗ-ಹುಡುಗಿಯರು. ಇಬ್ಬರೂ ಬರಲಿ, ಅವರದೂ ಹಕ್ಕೇ. ಆದರೆ ಅವರ ಬೆನ್ನ ಹಿಂದಿನ ಕಪಾಟಿನಲ್ಲಿ ಕಾರಂತರು, ತ್ರಿವೇಣಿ, ಚಿತ್ತಾಲರು ಧೂಳು ಕುಡಿಯುತ್ತ ನಿಂತಿರುತ್ತಾರೆ. ಒಂದು ಕಾದಂಬರಿ ತೆಗೆದು ಹಿಂದಿನ ರಟ್ಟಿಗೆ ಅಂಟಿಸಿದ ತಾರೀಖಿನ ಚೀಟಿ ನೋಡಿದರೆ ಸಾಕು, ಆ ಪುಸ್ತಕ ಕೊನೆಗೆ ಮನೆ ಕಂಡದ್ದು ಯಾವಾಗ ಎಂದು ಗೊತ್ತಾಗುತ್ತದೆ. ಮಧ್ಯೆ ಎಷ್ಟೋ ವರ್ಷ ಖಾಲಿ.

ಈ ಖಾಲಿ ಚೀಟಿಯೇ ಅಧಿಕಾರಸ್ಥರ ಕೈಗೆ ಸಿಗುವ ಆಯುಧ. ಹೊಸ ಪುಸ್ತಕ ಕೊಳ್ಳಿ ಎಂದರೆ “ಓದೋವ್ರ ಎಲ್ಲಿದಾರ್ರೀ?” ಎಂಬ ಉತ್ತರ ತಯಾರಿದೆ. ಓದುವವರಿಲ್ಲ ಅಂತ ಪುಸ್ತಕ ಇಲ್ಲ, ಪುಸ್ತಕ ಇಲ್ಲ ಅಂತ ಓದುವವರು ಬರುವುದಿಲ್ಲ. ಗಾಣದೆತ್ತಿನ ಹಾಗೆ ಇದು ಅಲ್ಲೇ ಸುತ್ತುತ್ತದೆ. ಸರಕಾರ ಸಗಟು ಖರೀದಿ ತಡಮಾಡಿದಾಗಲೆಲ್ಲ ಕನ್ನಡದ ಪ್ರಕಾಶಕರು ಬಾಯಿ ಬಾಯಿ ಬಡಿದುಕೊಳ್ಳುತ್ತಾರೆ. ನಗರಸಭೆ, ಪುರಸಭೆಗಳು ವಸೂಲು ಮಾಡಿದ ಸೆಸ್ಸನ್ನು ಗ್ರಂಥಾಲಯ ಇಲಾಖೆಗೆ ಪೂರ್ತಿ ದಾಟಿಸುವುದಿಲ್ಲ ಎಂಬುದು ರಾಜ್ಯದಲ್ಲಿ ಬಹಳ ಹಳೆಯ ದೂರು. ನಮ್ಮ ಜಿಲ್ಲೆಯ ಲೆಕ್ಕವೇನು? ಸದಸ್ಯರಾದವರು ಮುಂದಿನ ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಈ ಒಂದು ಪ್ರಶ್ನೆ ಕೇಳಲಿ. ಗಟಾರು, ಬೀದಿದೀಪದ ಮಾತು ಹೇಗೂ ಇದ್ದದ್ದೇ. ಒಬ್ಬ ಸದಸ್ಯನಾದರೂ “ಸೆಸ್ ಎಷ್ಟು ಬಂತು, ಎಷ್ಟು ಕಟ್ಟಿದಿರಿ?” ಎಂದು ಕೇಳಿದರೆ ಮಾರನೆಯ ದಿನ ಅವರ ಹೆಸರು ಈ ಪತ್ರಿಕೆಯ ಮೊದಲ ಪುಟದಲ್ಲಿ ಬರುತ್ತದೆ. ಫೋಟೋ ಸಮೇತ.

ಪುಸ್ತಕದ ವಿಷಯದಲ್ಲಿ ಅಸಡ್ಡೆ ಮಾಡಲು ನಮ್ಮ ಜಿಲ್ಲೆಗಂತೂ ಮುಖವಿಲ್ಲ. ವರದೆ ತುಂಗಭದ್ರೆಯನ್ನು ಕೂಡುವ ಕಡೆಯ ಗಳಗನಾಥ ನಮ್ಮದೇ ಊರು. ಅಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಊರಿನ ಹೆಸರನ್ನೇ ತಮ್ಮ ಹೆಸರು ಮಾಡಿಕೊಂಡರು. ಮಾಸ್ತರಿಕೆ ಮಾಡಿದರು, ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ನಡೆಸಿದರು, ಕಾದಂಬರಿ ಮೇಲೆ ಕಾದಂಬರಿ ಬರೆದರು. ಬರೆದು ಮನೆಯಲ್ಲಿ ಕೂಡಲಿಲ್ಲ. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಮರಾಠಿ ಮೆರೆಯುತ್ತಿದ್ದ ಕಾಲದಲ್ಲಿ ಈ ಭಾಗದ ಜನಕ್ಕೆ ಕನ್ನಡ ಕಾದಂಬರಿಯ ರುಚಿ ಹತ್ತಿಸಿದ್ದು ಈ ಹೊರೆ. ಇವತ್ತು ಅದನ್ನು ಹೊರುವವರು ಬೇಕಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಎರಡು ನಿಮಿಷ ಒಳಗೆ ಹೊಕ್ಕು ಒಂದು ಪುಸ್ತಕ ಇಸಿದುಕೊಂಡು ಬಂದರೆ ಆಯಿತು.

2023ರ ಜನವರಿಯಲ್ಲಿ ಎಂಬತ್ತಾರನೆಯ ಸಾಹಿತ್ಯ ಸಮ್ಮೇಳನ ಇದೇ ಹಾವೇರಿಯಲ್ಲಿ ಮೂರು ದಿನ ನಡೆಯಿತು. ದೊಡ್ಡರಂಗೇಗೌಡರ ಮೆರವಣಿಗೆ, ಊಟದ ಪಾಳಿ, ಗೋಷ್ಠಿಯ ಜಗಳ ಎಲ್ಲ ನೆನಪಿದೆ. ಅಲ್ಲಿ ಕೊಂಡ ಪುಸ್ತಕ ಎಷ್ಟು ಮನೆಯಲ್ಲಿ ಬಿಚ್ಚಿದವು ಎಂಬುದನ್ನು ಅವರವರ ಆತ್ಮಸಾಕ್ಷಿಗೆ ಬಿಡೋಣ.

ಇನ್ನು ಯಾವ ಪುಸ್ತಕ ಅಂತ ಕೇಳುತ್ತೀರಿ. ಪಿಯುಸಿಯನ್ನು ಅರ್ಧಕ್ಕೆ ಬಿಟ್ಟ ನಾನು ಪ್ರೊಫೆಸರುಗಳ ಹಾಗೆ ಶ್ರೇಷ್ಠ ಹನ್ನೆರಡರ ಪಟ್ಟಿ ಹಾಕಲಾರೆ. ಅಂಥ ಪಟ್ಟಿ ಕಂಡರೇ ಜನ ಓಡುತ್ತಾರೆ. ಯಾರಿಗೆ ಯಾವುದು ಹಿಡಿಸೀತು ಅಂತ ಮಾತ್ರ ಹೇಳಬಲ್ಲೆ, ಚಪ್ಪಲಿ ಅಂಗಡಿಯವನು ಕಾಲು ನೋಡಿ ಅಳತೆ ಹೇಳಿದ ಹಾಗೆ.

ಹಾನಗಲ್ಲಿನ ಅಡಿಕೆ ತೋಟದವರು ಕಾರಂತರ ‘ಬೆಟ್ಟದ ಜೀವ’ದಿಂದ ಸುರು ಮಾಡಲಿ. ಕಾಡು ಕಡಿದು ತೋಟ ಎಬ್ಬಿಸಿದ ಗೋಪಾಲಯ್ಯ, ಮಗ ಬಿಟ್ಟುಹೋದ ಮನೆಯಲ್ಲಿ ಆ ಮುದಿ ಗಂಡ-ಹೆಂಡತಿ. ಮಗ ಬೆಂಗಳೂರು ಸೇರಿ ಫೋನು ಮಾಡುವುದನ್ನೂ ಮರೆತ ಮನೆಗಳು ನಮ್ಮ ತಾಲೂಕುಗಳಲ್ಲಿ ಎಷ್ಟಿಲ್ಲ? 1943ರ ಪುಸ್ತಕ ಅನ್ನಿಸುವುದೇ ಇಲ್ಲ. ಒಂದು ತುಂಡು ಭೂಮಿಗಾಗಿ ಸಾಯುವ ತನಕ ಆಸೆಪಟ್ಟ ಚೋಮನ ಕತೆ ‘ಚೋಮನ ದುಡಿ’ ಇನ್ನೂ ತೆಳ್ಳಗಿದೆ. ಸಿನಿಮಾ ನೋಡಿದ್ದೇನೆ ಎಂದು ತಪ್ಪಿಸಿಕೊಳ್ಳಬೇಡಿ.

ಕಚೇರಿಯವರಿಗೆ, ಅದರಲ್ಲೂ ವರ್ಗಾವಣೆ, ಚಾಡಿ, ಸಸ್ಪೆನ್ಷನ್ ಎಂದು ಒದ್ದಾಡುವವರಿಗೆ ಯಶವಂತ ಚಿತ್ತಾಲರ ‘ಶಿಕಾರಿ’. ಮುಂಬಯಿಯ ಕಂಪನಿಯಲ್ಲಿ ನಾಗಪ್ಪನೆಂಬ ದೊಡ್ಡ ನೌಕರನನ್ನು ಹೇಗೆ ಬೇಟೆಯಾಡುತ್ತಾರೆ ನೋಡಿ. ಬೇಗ ಸಾಗುವ ಪುಸ್ತಕವಲ್ಲ, ಒಂದು ತಿಂಗಳು ಪೂರ್ತಿ ಕೊಡಿ. ಓದಿದ ಮೇಲೆ ಪಕ್ಕದ ಟೇಬಲಿನವರನ್ನು ಬೇರೆ ಕಣ್ಣಿನಿಂದ ನೋಡುತ್ತೀರಿ, ಅದಕ್ಕೆ ಪತ್ರಿಕೆ ಜವಾಬ್ದಾರಿಯಲ್ಲ.

ನೀಟ್ ನೀಟ್ ಎಂದು ಮಕ್ಕಳ ಪ್ರಾಣ ತಿನ್ನುವ ತಂದೆ-ತಾಯಿಗಳು ಆ ಮಕ್ಕಳಿಗೆ ವಾರದಲ್ಲಿ ಒಂದು ಸಂಜೆ ಬಿಡುವು ಕೊಟ್ಟು ತೇಜಸ್ವಿಯವರ ‘ಕರ್ವಾಲೊ’, ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೈಗಿಡಲಿ. ಒಂದರಲ್ಲಿ ದೊಡ್ಡ ವಿಜ್ಞಾನಿಯೂ ಜೇನು ಹಿಡಿಯುವ ಮಂದಣ್ಣನೂ ಕೂಡಿ ಹಾರುವ ಓತಿಯ ಬೆನ್ನು ಹತ್ತುತ್ತಾರೆ. ಇನ್ನೊಂದರಲ್ಲಿ ಸಸ್ಯಶಾಸ್ತ್ರದ ಮೇಷ್ಟರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದು ನಗಿಸುತ್ತ ಗಿಡ ತೋರಿಸುತ್ತಾರೆ. ಬಯಾಲಜಿ ಇಷ್ಟು ಚಂದ ಇದ್ದೀತೆಂದು ನನಗೆ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ.

ಸ್ವಸಹಾಯ ಸಂಘದ ಅಕ್ಕ-ತಂಗಿಯರು ವಾರದ ಸಭೆಯಲ್ಲಿ ಸಾಲ-ಬಡ್ಡಿ ಬರೆದಾದ ಮೇಲೆ ಒಬ್ಬರು ಓದಿ ಉಳಿದವರು ಕೇಳಬಹುದು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಅದಕ್ಕೆ ಹೇಳಿ ಮಾಡಿಸಿದ್ದು. ಎಳವೆಯಲ್ಲೇ ವಿಧವೆಯಾಗಿ ಇಡೀ ಬಾಳು ಮೌನವಾಗಿ ಕಳೆದ ಹೆಂಗಸು, ಒಳಗೊಳಗೇ ಎಷ್ಟು ಗಟ್ಟಿಯಾದಳು! ಆಮೇಲೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಇದು ಮೊದಲು ಬಂದದ್ದು ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ. ಅಪ್ಪನ ಹಟಕ್ಕೆ ಒಡೆದ ಸಂಸಾರದ ಕತೆ. ಇದು ಯಾವ ಒಂದು ಜಾತಿಯ ಮನೆಯಲ್ಲಿ ಮಾತ್ರ ನಡೆದೀತು? ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ಅವರಿಗೆ ಜೈ ಅಂದ ಕನ್ನಡಿಗರಲ್ಲಿ ಎಷ್ಟು ಜನ ಆ ಕತೆ ಕನ್ನಡದಲ್ಲಿ ಓದಿದ್ದಾರೆ? ಇಂಗ್ಲಿಷರು ನಮಗಿಂತ ಮುಂಚೆ ಓದಿಬಿಟ್ಟರೆ ನಾಚಿಕೆ ಯಾರಿಗೆ?

ನಗಬೇಕೆನ್ನುವವರು ಸಿದ್ಧಲಿಂಗಯ್ಯನವರ ‘ಊರು ಕೇರಿ’ ತೆಗೆಯಿರಿ. ಇಬ್ಬರು ಮನುಷ್ಯರು ಎತ್ತುಗಳ ಹಾಗೆ ನೊಗಕ್ಕೆ ಹೆಗಲು ಕೊಟ್ಟ ನೋಟದಿಂದ ಸುರುವಾಗುವ ಪುಸ್ತಕ ಓದಿ ಹೊಟ್ಟೆ ಹಿಡಿದು ನಗುತ್ತೇವಲ್ಲ, ಆ ನಗೆ ಎಂಥದ್ದು ಎಂಬುದು ಮುಗಿಸಿದ ಮೇಲೆ ನಿದ್ದೆ ಕೆಡಿಸುತ್ತದೆ. ದೇವನೂರ ಮಹಾದೇವರ ‘ಕುಸುಮಬಾಲೆ’ಗೆ ಮಾತ್ರ ಒಂದು ಎಚ್ಚರಿಕೆ. ನಂಜನಗೂಡು ಕಡೆಯ ಆಡುಮಾತು ನಮ್ಮ ಕಡೆಯವರ ಬಾಯಿಗೆ ಮೊದಲು ಒಗ್ಗುವುದಿಲ್ಲ. ಕಣ್ಣಿನಲ್ಲಿ ಓದಬೇಡಿ, ಗಟ್ಟಿಯಾಗಿ ಓದಿ. ಇಪ್ಪತ್ತು ಪುಟ ದಾಟಿದರೆ ಅದೇ ಕೈ ಹಿಡಿದು ನಡೆಸುತ್ತದೆ. ಪದ್ಯದ ಕಡೆ ಮನಸ್ಸಿದ್ದವರಿಗೆ ರಾಣೆಬೆನ್ನೂರಿನಲ್ಲೇ ಹುಟ್ಟಿದ ಸು.ರಂ. ಎಕ್ಕುಂಡಿಯವರ ‘ಬಕುಲದ ಹೂವುಗಳು’ ಇದೆ. ಕತೆ ಹೇಳುವ ಪದ್ಯಗಳು, ಯಾರಿಗೂ ಹೆದರಿಕೆಯಾಗುವುದಿಲ್ಲ. ‘ಮಲೆಗಳಲ್ಲಿ ಮದುಮಗಳು’ ಮಳೆಗಾಲಕ್ಕೆ ಇರಲಿ, ಜುಲೈ-ಆಗಸ್ಟ್ ಎರಡೂ ಸೇರಿ ಒಂದೇ ಪುಸ್ತಕ ಆದರೂ ಪಂಥದಲ್ಲಿ ಎರಡೆಂದೇ ಎಣಿಸೋಣ.

ಈ ಹೆಸರುಗಳಲ್ಲಿ ಕೆಲವು ಕಪಾಟಿನಲ್ಲಿ ಸಿಗದಿರಬಹುದು. ಆಗ ಮುಖ ಸಪ್ಪಗೆ ಮಾಡಿಕೊಂಡು ಬರಬೇಡಿ. ಹೆಸರು, ಬರೆದವರು, ನಿಮ್ಮ ಸದಸ್ಯತ್ವದ ನಂಬರು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಬೇಡಿಕೆ ಕೊಟ್ಟು ಬನ್ನಿ. ಒಬ್ಬ ಕೇಳಿದರೆ ಹಾಳೆ ಕಸದ ಬುಟ್ಟಿಗೆ ಹೋದೀತು, ಐವತ್ತು ಜನ ಕೇಳಿದರೆ ಅದು ಫೈಲು ಆಗುತ್ತದೆ. ಗ್ರಂಥಪಾಲಕರಿಗೂ ಮೇಲಿನವರ ಮುಂದೆ ಇಡಲು ಒಂದು ಕಾಗದ ಸಿಕ್ಕಂತಾಯಿತು. ಅವರಲ್ಲಿ ಬಹಳಷ್ಟು ಜನ ಕಡಿಮೆ ಸಂಬಳದಲ್ಲಿ ಕಸ ಗುಡಿಸುವುದರಿಂದ ಹಿಡಿದು ರಿಜಿಸ್ಟರ್ ಬರೆಯುವ ತನಕ ಒಬ್ಬರೇ ಮಾಡುತ್ತಾರೆ. ಅವರ ಮೇಲೆ ಹರಿಹಾಯುವುದರಲ್ಲಿ ಪುರುಷಾರ್ಥವಿಲ್ಲ.

ಹಳ್ಳಿಯವರಿಗೂ ಒಂದು ಮಾತು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು, ‘ಅರಿವು ಕೇಂದ್ರ’ ಎಂಬ ಹೊಸ ಬೋರ್ಡು ಬಂತು. ಕೊರೊನಾದಿಂದ ಶಾಲೆ ಮುಚ್ಚಿದ್ದ 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಹಾಕಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಸರಕಾರದ ಒಳ್ಳೆಯ ಕೆಲಸವನ್ನು ಒಳ್ಳೆಯದು ಅನ್ನಲು ಈ ಪತ್ರಿಕೆಗೆ ಮೈಚಳಿಯಿಲ್ಲ. ಆದರೆ ಕಾರ್ಡು ಕೊಟ್ಟದ್ದಕ್ಕೂ ಮಗು ಪುಸ್ತಕ ಮನೆಗೆ ಒಯ್ದದ್ದಕ್ಕೂ ಬಹಳ ಅಂತರವಿದೆ. ಹರಿದೀತು, ಕಳೆದೀತು ಅಂತ ಮಕ್ಕಳ ಪುಸ್ತಕವನ್ನೇ ಕೀಲಿಯಲ್ಲಿ ಇಡುವ ಕಡೆ ಪಾಲಕರು ಹೋಗಿ ಕೇಳಬೇಕು. ಓದಿ ಹರಿದ ಪುಸ್ತಕಕ್ಕೆ ಲೆಕ್ಕಪರಿಶೋಧಕರು ಆಕ್ಷೇಪ ಎತ್ತಿದರೆ ಎತ್ತಲಿ, ಗೆದ್ದಲು ತಿಂದದ್ದಕ್ಕಿಂತ ಅದು ಮರ್ಯಾದೆಯ ಸಾವು.

ಮಗುವಿನ ಪುಸ್ತಕವನ್ನು ಮಗುವೇ ಆರಿಸಲಿ. ನೀತಿಕತೆ ಓದು ಅಂತ ಕೊಡಲೇಬೇಡಿ, ದೆವ್ವದ ಕತೆ ಬೇಕೆಂದರೆ ಅದನ್ನೇ ಒಯ್ಯಲಿ.

ಈ ಅಂಕಣ ಫೆಬ್ರವರಿಯಿಂದ ತಿಂಗಳ ಕೊನೆಯ ಶನಿವಾರ ಅರ್ಧ ಜಾಗವನ್ನು ಓದುಗರಿಗೇ ಬಿಟ್ಟುಕೊಡುತ್ತದೆ. ಓದಿದ ಪುಸ್ತಕದ ಹೆಸರು, ನಿಮ್ಮ ಊರು, ಯಾರು ಓದಿದರೆ ಚಲೋ ಎಂದು ಮೂರು ಸಾಲು. ಕಾರ್ಡಿನಲ್ಲಿ ಬರೆದು ಹಾಕಿ, ಇಲ್ಲವೇ ಪತ್ರಿಕೆ ಹಂಚುವ ಹುಡುಗನ ಕೈಯಲ್ಲಿ ಕೊಟ್ಟು ಕಳಿಸಿ. ಹಿಡಿಸದ ಪುಸ್ತಕದ ಬಗ್ಗೆಯೂ ಬರೆಯಬಹುದು, ಯಾಕೆ ಹಿಡಿಸಲಿಲ್ಲ ಎಂದು ಹೇಳಿದರೆ ಆಯಿತು. ಒಂದೇ ಕರಾರು: ಜಿಲ್ಲೆಯ ಕವಿಗಳು ದಯಮಾಡಿ ತಮ್ಮ ಸಂಕಲನವನ್ನು ತಾವೇ ಶಿಫಾರಸು ಮಾಡಬಾರದು. ಭಾವಮೈದುನರ ಹೆಸರಿನಲ್ಲಿ ಬಂದ ಕಾರ್ಡುಗಳನ್ನೂ ನಾವು ಗುರುತು ಹಿಡಿಯುತ್ತೇವೆ.