ಮಾತು ಕಸಿದ ಮೇಲೆ ಮಗು ನಡೆಸುವುದೇನನ್ನು?

ಪುಣೆಯಿಂದ ಸೋಲಾಪುರದತ್ತ ಹೊರಟರೆ ನಗರದ ಪೂರ್ವದಂಚಿನಲ್ಲಿ ಸಿಗುವುದು ಹಡಪಸರ. ಒಂದು ಕಾಲಕ್ಕೆ ಹೊಲಗಳಿದ್ದ ನೆಲದಲ್ಲಿ ಈಗ ಮಗರಪಟ್ಟಾದ ಕಚೇರಿಗಳೂ ಸಾಲುಸಾಲು ವಸತಿ ಸಮುಚ್ಚಯಗಳೂ ನಿಂತಿವೆ. ಅವುಗಳ ಬೆನ್ನಿಗೇ ಶಿಶುವಿಹಾರಗಳೂ ಬಂದಿವೆ. ಅವುಗಳ ಫಲಕಗಳಲ್ಲಿ ಈಚೆಗೆ ಎರಡು ಭರವಸೆಗಳು ಜೊತೆಜೊತೆಯಾಗಿ ಕಾಣುತ್ತವೆ. ಒಂದು, ಇಲ್ಲಿ ಕಲಿಕೆಯನ್ನು ಮಗುವೇ ನಡೆಸುತ್ತದೆ ಎಂಬುದು. ಇನ್ನೊಂದು, ಇಲ್ಲಿನ ವಾತಾವರಣ ಸಂಪೂರ್ಣ ಇಂಗ್ಲಿಷಿನದು ಎಂಬುದು. ಈ ಎರಡು ಭರವಸೆಗಳನ್ನು ಒಟ್ಟಿಗೆ ಈಡೇರಿಸಲು ಯಾರಿಂದಲೂ ಆಗದು ಎಂಬುದೇ ನಮ್ಮ ವಾದ. ಮೂರು ವರ್ಷದ ಮಗುವಿನ ನಾಲಿಗೆಯನ್ನು ಬಾಗಿಲಲ್ಲೇ ಕಟ್ಟಿಹಾಕಿ, ಒಳಗೆ ಬಂದ ಮೇಲೆ ಅದಕ್ಕೆ ಮುಂದಾಳಿನ ಪಟ್ಟ ಕಟ್ಟುವುದು ವಂಚನೆ.

ಇದನ್ನು ಬರೆಯುತ್ತಿರುವ ನಾವು ಈ ಭಾಗದ ಶಿಶುವಿಹಾರವೊಂದರಲ್ಲಿ ಮಕ್ಕಳೊಡನೆ ದಿನ ಕಳೆಯುವ ಕನ್ನಡಿತಿಯರು. ಹೊರಗೆ ನಿಂತು ಕಲ್ಲೆಸೆಯುವವರಲ್ಲ. ಮೇಲೆ ಹೇಳಿದ ವಂಚನೆಯಲ್ಲಿ ನಮ್ಮ ಕೈಯೂ ಇತ್ತು. ಅದನ್ನು ಒಪ್ಪಿಕೊಂಡೇ ಮುಂದಿನ ಮಾತನ್ನಾಡಬೇಕು.

ಮಗು ನಡೆಸುವ ತರಗತಿಯ ಸುಖವನ್ನು ಮೊದಲು ಹೇಳುತ್ತೇವೆ. ಅದು ನಿಜವಾದ ಸುಖ. ಹಿತ್ತಾಳೆಯ ತಂಬಿಗೆಯೊಂದನ್ನು ಹುಣಸೆಹಣ್ಣು ಹಚ್ಚಿ ಅರ್ಧ ಗಂಟೆ ತಿಕ್ಕುವ ಹುಡುಗಿಯನ್ನು ಯಾರೂ ಕೂಡಿಸಿರುವುದಿಲ್ಲ. ಇರುವೆಗಳ ಸಾಲಿನ ಪಕ್ಕದಲ್ಲಿ ಹೊಟ್ಟೆಯ ಮೇಲೆ ಮಲಗಿ, ಅವು ಗೋಡೆಯ ಯಾವ ಬಿರುಕಿನೊಳಗೆ ಹೋದವು ಎಂದು ಕಾಯುವ ಇಬ್ಬರಿಗೆ ಯಾವ ಪಾಠಪಟ್ಟಿಯೂ ಬೇಕಿಲ್ಲ. ಮರಾಠಿಯ ಮಗು 'ಪಾಣಿ' ಎಂದರೆ ಕನ್ನಡದ ಮಗು 'ನೀರು' ಎಂದು ತಿದ್ದಿ, ಇಬ್ಬರೂ ನಕ್ಕು, ಕೊನೆಗೆ ಒಂದೇ ಲೋಟದಿಂದ ಕುಡಿಯುವುದನ್ನು ನೋಡಲು ನಾವು ಸಂಬಳವಿಲ್ಲದೆಯೂ ಬಂದೇವು ಎನಿಸುವ ದಿನಗಳಿವೆ.

ಕಷ್ಟವೂ ಅಷ್ಟೇ ನಿಜ. ಹದಿನೆಂಟು ಮಕ್ಕಳು ಹದಿನೆಂಟು ದಿಕ್ಕಿಗೆ ಮುಂದಾಳುಗಳಾದಾಗ ಹಿಂದೆ ಓಡಲು ಇರುವವರು ಇಬ್ಬರೇ. ಕೆಂಪು ಬಕೆಟ್ಟಿಗಾಗಿ ಕಚ್ಚಾಟವಾಗುತ್ತದೆ. ಉಡುಪು ಕೊಳೆಯಾಯಿತೆಂದು ದೂರು ಬರುತ್ತದೆ. 'ಇವತ್ತು ಏನು ಕಲಿಸಿದಿರಿ?' ಎಂಬ ಸಂಜೆಯ ಪ್ರಶ್ನೆಗೆ, 'ತಂಬಿಗೆ ತಿಕ್ಕಿದಳು' ಎಂಬ ಉತ್ತರ ಯಾರಿಗೂ ರುಚಿಸುವುದಿಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ನಮ್ಮದೇ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ಕೂರುವುದು. ಗುಂಡಿಯನ್ನು ತಪ್ಪಾಗಿ ಹಾಕಿಕೊಳ್ಳುತ್ತಿರುವ ಮಗುವನ್ನು ತಿದ್ದದೆ ನೋಡುತ್ತ ಕುಳಿತವರಿಗಷ್ಟೇ ಆ ಕಷ್ಟ ಗೊತ್ತು.

ಇಷ್ಟೆಲ್ಲ ತಾಳ್ಮೆ ಕಲಿತ ನಾವು ಒಂದು ತಪ್ಪನ್ನು ಮಾತ್ರ ತಿಂಗಳುಗಟ್ಟಲೆ ಮಾಡಿದೆವು. ಇಂಡಿ ತಾಲ್ಲೂಕಿನಿಂದ ಬಂದ ಚಾಲಕರೊಬ್ಬರ ಮಗ ನಮ್ಮಲ್ಲಿಗೆ ಸೇರಿದ್ದ. ಎರಡು ತಿಂಗಳು ಅವನು ಬಾಯಿ ಬಿಡಲಿಲ್ಲ. ತರಗತಿಯಲ್ಲಿ ಇಂಗ್ಲಿಷಲ್ಲದೆ ಬೇರೆ ಮಾತು ಆಡಬಾರದೆಂಬುದು ನಿಯಮ; ನಾವು ಅದನ್ನು ಪಾಲಿಸಿದೆವು. ಅವನ ಪ್ರಗತಿ ಪುಸ್ತಕದಲ್ಲಿ 'ಮಾತಿನ ಬೆಳವಣಿಗೆ ತಡವಾಗಿದೆ' ಎಂದು ಬರೆದವರೂ ನಾವೇ. ಒಂದು ಬೆಳಿಗ್ಗೆ ಅವನು ನೀರಿನ ತೊಟ್ಟಿಯ ಬಳಿ ಕುಳಿತು ಚಹಾ ಸೋಸುವ ಜರಡಿಯಲ್ಲಿ ನೀರು ತುಂಬಲು ಮತ್ತೆ ಮತ್ತೆ ಹೆಣಗುತ್ತಿದ್ದ. ಕೊನೆಗೆ ಜರಡಿಯನ್ನು ಬೆಳಕಿಗೆ ಹಿಡಿದು, ತನಗೆ ತಾನೇ, 'ಇದರಾಗ ನೀರ ನಿಂದ್ರಂಗಿಲ್ಲ, ತೂತ ಅದಾವ' ಎಂದ.

ಪ್ರಯೋಗ, ವೀಕ್ಷಣೆ, ಕಾರಣ, ತೀರ್ಮಾನ: ಎಲ್ಲವೂ ಆ ಒಂದು ವಾಕ್ಯದಲ್ಲಿದ್ದವು. ತಡವಾಗಿದ್ದದ್ದು ಅವನ ಮಾತಲ್ಲ, ನಮ್ಮ ಕಿವಿ. ನಮ್ಮಲ್ಲೊಬ್ಬಳು ನಿಯಮ ಮರೆತು 'ಹಂಗಾರ ಯಾದರಾಗ ನಿಂದರ್ತದಪಾ?' ಎಂದು ಕೇಳಿದಳು. ಅವನು ಅವಳ ಮುಖವನ್ನು ನೋಡಿದ ನೋಟವನ್ನು ನಾವು ಮರೆಯಲಾರೆವು. ಆಮೇಲೆ ಎದ್ದು ಹೋಗಿ ಲೋಟ ತಂದ. ಅಂದಿನಿಂದ ಅವನು ಮುಂದೆ, ನಾವು ಹಿಂದೆ. ತರಗತಿ ಎಂಬುದು ಮಗುವಿನ ಕೈಗೆ ಬಂದದ್ದು ಅಂದೇ. ಅದಕ್ಕೆ ಮುಂಚೆ ಇದ್ದದ್ದು ದುಬಾರಿ ಮರದ ಆಟಿಕೆಗಳಷ್ಟೇ.

ಈ ಬಗೆಯ ಶಿಕ್ಷಣ ಯಾರಿಗಾಗಿ ಹುಟ್ಟಿತೆಂಬುದನ್ನು ಮರೆಸಿರುವುದರಿಂದಲೇ ಇಂಥ ವಂಚನೆ ನಡೆಯುತ್ತದೆ. ಮರಿಯಾ ಮಾಂಟೆಸ್ಸರಿ 1907ರಲ್ಲಿ ತಮ್ಮ ಮೊದಲ 'ಮಕ್ಕಳ ಮನೆ'ಯನ್ನು ತೆರೆದದ್ದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡ ಕೂಲಿಕಾರರ ಕೇರಿಯಲ್ಲಿ. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದ ಅವರು ಮಹಾಯುದ್ಧದ ಕಾರಣ 1946ರವರೆಗೆ ನಮ್ಮ ದೇಶದಲ್ಲೇ ಉಳಿದರು. ಅದಕ್ಕೂ ಮುಂಚೆಯೇ, 1920ರಲ್ಲಿ, ಗಿಜುಭಾಯಿ ಬಧೇಕಾ ಭಾವನಗರದಲ್ಲಿ ಬಾಲಮಂದಿರ ಆರಂಭಿಸಿ, ಗುಜರಾತಿ ಕಥೆ ಹಾಡುಗಳನ್ನೇ ಮಕ್ಕಳ ಕಲಿಕೆಯ ನಡುಮನೆಗೆ ತಂದಿದ್ದರು. ಇನ್ನು ಮಹಾರಾಷ್ಟ್ರದ್ದೇ ಉದಾಹರಣೆ: ತಾರಾಬಾಯಿ ಮೋಡಕ್ ಮತ್ತು ಇದೇ ಪುಣೆ ಜಿಲ್ಲೆಯ ಮೋರಗಾಂವಿನಲ್ಲಿ ಹುಟ್ಟಿದ ಅನುತಾಯಿ ವಾಘ್ 1945ರಿಂದ ಬೋರ್ಡಿಯಲ್ಲಿ, ಮುಂದೆ ಕೋಸಬಾಡದಲ್ಲಿ ಆದಿವಾಸಿ ಮಕ್ಕಳೊಡನೆ ಬದುಕಿದರು. ಮಕ್ಕಳು ಶಾಲೆಗೆ ಬರಲಿಲ್ಲವೆಂದು ಅವರು ದೂರಲಿಲ್ಲ. ಶಾಲೆಯನ್ನೇ ಮಕ್ಕಳ ಅಂಗಳಕ್ಕೆ ಒಯ್ದರು. ಕಲ್ಲು, ಚಿಪ್ಪು, ಎಲೆ, ಬೀಜಗಳೇ ಪಾಠೋಪಕರಣಗಳಾದವು. ಅಂಗನವಾಡಿ ಎಂಬ ಮಾತಿನ ಹಿಂದೆ ಆ ಅಂಗಳವಿದೆ. ಮಗುವಿನ ಅಂಗಳಕ್ಕೆ ಹೋಗುವುದೆಂದರೆ ಮಗುವಿನ ಮಾತಿನೊಳಗೂ ಹೋಗುವುದು. ಅಂಗಳವನ್ನು ಬಿಟ್ಟು ಬಾ, ಮಾತನ್ನು ಬಿಟ್ಟು ಬಾ, ಆಮೇಲೆ ನೀನೇ ನಾಯಕ ಎನ್ನುವವರು ಈ ಪರಂಪರೆಯ ಹೆಸರನ್ನು ಬಾಡಿಗೆಗೆ ಪಡೆದವರು.

ಕಾನೂನು ಕಾಯುತ್ತದೆಯೇ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಹಕ್ಕು 6ರಿಂದ 14 ವರ್ಷದವರಿಗೆ. ಮೂರರ ಮಗು ಅದರ ಹೊಸ್ತಿಲಾಚೆ ನಿಂತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟರವರೆಗಿನ ವಯಸ್ಸನ್ನು ಬುನಾದಿಯ ಹಂತವೆಂದು ಕರೆದು, ಆಟಕ್ಕೂ ಮನೆಮಾತಿಗೂ ಮಣೆ ಹಾಕಿತು. ಆದರೆ ಮನೆಮಾತಿನ ವಿಷಯದಲ್ಲಿ 'ಸಾಧ್ಯವಾದಲ್ಲೆಲ್ಲ' ಎಂಬ ಕಿಂಡಿಯನ್ನೂ ಉಳಿಸಿತು. ಆ ಕಿಂಡಿಯಲ್ಲಿ ಇಡೀ ಮಾರುಕಟ್ಟೆ ನುಸುಳಿಹೋಗುತ್ತದೆ.

ಮಾರುಕಟ್ಟೆಯನ್ನಷ್ಟೇ ಬೈದು ಸುಮ್ಮನಾಗುವುದು ಸುಲಭ. ಅದನ್ನು ಸಾಕುತ್ತಿರುವವರಲ್ಲಿ ಪುಣೆಯ ಕನ್ನಡಿಗರಾದ ನಾವೂ ಇದ್ದೇವೆ. ನವೆಂಬರಿನ ವೇದಿಕೆಯಲ್ಲಿ ಮಗುವಿಗೆ ಪಂಚೆ ಉಡಿಸಿ ಪದ್ಯ ಹೇಳಿಸುವ ತಂದೆತಾಯಿಯೇ ಜೂನಿನಲ್ಲಿ ಶಾಲೆಯ ಬಾಗಿಲಿಗೆ ಬಂದು, 'ಮನೆಯಲ್ಲೂ ಇಂಗ್ಲಿಷೇ ಮಾತಾಡ್ತೀವಿ ಮೇಡಂ, ಕನ್ನಡ ಬಿಡಿಸಿಬಿಟ್ಟಿದ್ದೀವಿ' ಎನ್ನುತ್ತಾರೆ. ಚಟ ಬಿಡಿಸಿದವರ ಹೆಮ್ಮೆ ಅವರ ದನಿಯಲ್ಲಿರುತ್ತದೆ. ಜ್ಞಾನೇಶ್ವರರ ಪಲ್ಲಕ್ಕಿ ಪಂಢರಪುರಕ್ಕೆ ಹೊರಡುವುದು ಹಡಪಸರದ ಮೂಲಕವೇ. ಆ ಸಂತರು ವಿಠ್ಠಲನನ್ನು ಕನ್ನಡದವನೆಂದು ಕರೆಯಲು ನಾಚಲಿಲ್ಲ. ಅದೇ ದಾರಿಯ ಬದಿಯಲ್ಲಿ ಕನ್ನಡದ ಮಗುವನ್ನು ಹೆತ್ತವರಿಗೇ ಅದು ನಾಚಿಕೆಯಾಗಿದೆ.

ನಮಗೆ ಬರುವ ಉತ್ತರಗಳು ಗೊತ್ತು. ಇಂಗ್ಲಿಷ್ ಬೇಡವೇ? ಬೇಕು. ಕಥೆಯಾಗಿ, ಹಾಡಾಗಿ, ಆಟವಾಗಿ ಅದೂ ಬರಲಿ. ಮಕ್ಕಳು ಮೂರು ಭಾಷೆಗಳನ್ನು ಮೂರು ಚೆಂಡುಗಳಂತೆ ಆಡಬಲ್ಲರು. ನಾವು ವಿರೋಧಿಸುವುದು ಇಂಗ್ಲಿಷನ್ನಲ್ಲ, ಉಳಿದ ಮಾತುಗಳ ಮೇಲಿನ ನಿಷೇಧವನ್ನು. ಒಂದೇ ಕೋಣೆಯಲ್ಲಿ ಮರಾಠಿ, ಹಿಂದಿ, ಕನ್ನಡ, ತೆಲುಗು, ಒಡಿಯಾ ಇದ್ದರೆ ಶಿಕ್ಷಕಿ ಎಲ್ಲವನ್ನೂ ಕಲಿಯಲು ಸಾಧ್ಯವೇ ಎಂಬ ಪ್ರಶ್ನೆಗೆ ಹೆಚ್ಚು ತೂಕವಿದೆ. ಎಲ್ಲವನ್ನೂ ಕಲಿಯಬೇಕಿಲ್ಲ. ಪ್ರತಿ ಮನೆಯಿಂದ ಹತ್ತು ಮಾತು ಬರೆದು ತರಿಸಿಕೊಂಡರೆ ಸಾಕು: ನೀರು, ಹಸಿವು, ಉಚ್ಚೆ, ನೋವು, ನಿದ್ದೆ, ಅಂಜಿಕೆ, ಅವ್ವ, ಬೇಕು, ಸಾಕು, ಯಾಕೆ. ಉಳಿದದ್ದನ್ನು ಮಕ್ಕಳೇ ನಮಗೆ ಕಲಿಸುತ್ತಾರೆ. ಮಗು ನಡೆಸುವ ತರಗತಿ ಎಂದು ನಂಬಿದವರಿಗೆ ಮಗುವಿನಿಂದ ಕಲಿಯಲು ಅವಮಾನವೇಕೆ?

ಆ ಜರಡಿಯ ದಿನದ ಬಳಿಕ ನಮಗೆ ಎಚ್ಚರಿಕೆಯ ಮಾತು ಬಂತು. ಪೋಷಕರು ಹಣ ಕೊಡುವುದು ಇಂಗ್ಲಿಷಿಗೆ ಎಂದು ನೆನಪಿಸಲಾಯಿತು. ನಾವು ಆ ಹುಡುಗನ ಪುಸ್ತಕದ ಸಾಲನ್ನು ಹೊಡೆದುಹಾಕಿ, ಅವನು ಆಡಿದ ವಾಕ್ಯವನ್ನು ಆಡಿದ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದೆವು. ಕೆಲಸ ಉಳಿಯುತ್ತದೋ ಇಲ್ಲವೋ, ಆ ಸಾಲನ್ನು ಅಳಿಸುವುದಿಲ್ಲ. ಹಡಪಸರದ ಕನ್ನಡದ ತಂದೆತಾಯಿಯರಲ್ಲಿ ನಮ್ಮ ಕೋರಿಕೆ ಇಷ್ಟೇ: ಮುಂದಿನ ಜೂನಿನಲ್ಲಿ ಶಾಲೆಯ ಫಲಕ ಓದಿ ಮರುಳಾಗಬೇಡಿ. ಒಳಗೆ ಹೋಗಿ, 'ನಮ್ಮ ಮಗು ಕನ್ನಡದಲ್ಲಿ ಅತ್ತರೆ ಯಾವ ಮಾತಿನಲ್ಲಿ ಸಮಾಧಾನ ಮಾಡುತ್ತೀರಿ?' ಎಂದು ಕೇಳಿ. ಉತ್ತರ ಬರುವವರೆಗೆ ಶುಲ್ಕ ಕಟ್ಟಬೇಡಿ.