ಪೇಟೆಂಟ್ ಬೆದರಿಕೆಗೆ ಬಗ್ಗುವುದಿಲ್ಲ: ನಂದೊಳ್ಳಿಯ ಪ್ರಣಾಳಿಕೆ

ಯಲ್ಲಾಪುರ ತಾಲೂಕಿನ ನಂದೊಳ್ಳಿಯಲ್ಲಿ ಸೇರಿದ ಅಡಿಕೆ ಬೆಳೆಗಾರರು, ವೆಲ್ಡಿಂಗ್ ಶಾಪಿನವರು, ಯಂತ್ರ ರಿಪೇರಿ ಮಾಡುವವರು, ಮನೆಮನೆಯಲ್ಲಿ ಬೀಜ ಕಾಪಿಟ್ಟುಕೊಂಡು ಬಂದ ಹೆಂಗಸರು ಒಟ್ಟಾಗಿ ಈ ಚಳವಳಿ ಆರಂಭಿಸುತ್ತಿದ್ದೇವೆ. ಕಂಪನಿಗಳು ಪೇಟೆಂಟ್ ಹಿಡಿದು ಎದುರಾಳಿಗಳ ಮೇಲೆ ದಾವೆ ಹೂಡುವುದು ಎಷ್ಟು ಸರಿ ಎಂಬ ಪ್ರಶ್ನೆಗೆ ನಮ್ಮ ಉತ್ತರ ಇಲ್ಲಿದೆ.

ಮೊದಲು ಮುಕ್ತ ಜ್ಞಾನದ ಒಂದು ಉದಾಹರಣೆ. ಮಳೆಗಾಲದಲ್ಲಿ ನಮ್ಮ ತೋಟಗಳಲ್ಲಿ ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣ ತಯಾರಾಗುತ್ತದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಸೇರಿಸಿದ ಮೇಲೆ ಹೊಳೆಯುವ ಚಾಕು ಅದ್ದಿ ನೋಡುತ್ತೇವೆ. ಅದಕ್ಕೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ ವಿಜ್ಞಾನಿ ಮಿಲ್ಲಾರ್ಡೆ 1885ರಲ್ಲಿ ಪ್ರಕಟಿಸಿದ ಮದ್ದು ಇದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್‌ಮನ್ ಕಳೆದ ಶತಮಾನದ ಆರಂಭದಲ್ಲಿ ಅದನ್ನು ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಅಳತೆ ಎಲ್ಲರಿಗೂ ಗೊತ್ತು, ಯಾರೂ ಯಾರ ಅನುಮತಿಯನ್ನೂ ಕೇಳಬೇಕಿಲ್ಲ. ಮಲೆನಾಡಿನ ತೋಟಗಳು ಉಳಿದದ್ದರಲ್ಲಿ ಹೀಗೆ ಮುಕ್ತವಾಗಿ ಬಂದ ಜ್ಞಾನದ ಪಾಲು ದೊಡ್ಡದು.

ಹಾಗಂತ ಪೇಟೆಂಟೇ ಬೇಡ ಎನ್ನುವವರು ನಾವಲ್ಲ. ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೆ ಕೂತು ಸುಲಿದವರಿಗೆ ಅಡಿಕೆ ಸುಲಿಯುವ ಯಂತ್ರದ ಬೆಲೆ ಗೊತ್ತು. ಒಂದೇ ಕೊನೆಯಲ್ಲಿ ಸಣ್ಣ ಕಾಯಿಯೂ ಇರುತ್ತದೆ, ದಪ್ಪ ಕಾಯಿಯೂ ಇರುತ್ತದೆ. ಸಿಪ್ಪೆ ಪೂರ್ತಿ ಬಿಡಬೇಕು, ಒಳಗಿನ ಅಡಿಕೆಗೆ ಗಾಯವಾಗಬಾರದು. ಬ್ಲೇಡಿನ ಅಂತರ ಸರಿಯಾಗಿ ಕೂರಿಸುವುದರಲ್ಲೇ ಹಲವರ ವರ್ಷಗಳು ಕಳೆದಿವೆ. ಅಂಥವರ ಯಂತ್ರವನ್ನು ಬಿಚ್ಚಿ, ನಕಲು ಮಾಡಿ, ಅರ್ಧ ಬೆಲೆಗೆ ಮಾರಿದರೆ ಅವರು ಕೋರ್ಟಿಗೆ ಹೋಗುವುದು ನ್ಯಾಯವೇ. 20 ವರ್ಷದ ಹಕ್ಕು ಕೊಟ್ಟು, ಅದಕ್ಕೆ ಪ್ರತಿಯಾಗಿ ಯಂತ್ರದ ಗುಟ್ಟನ್ನು ಸಮಾಜ ಬರೆಸಿಕೊಳ್ಳುತ್ತದೆ. ಈ ಒಪ್ಪಂದವನ್ನು ನಾವು ಗೌರವಿಸುತ್ತೇವೆ.

ನಮ್ಮ ವಿರೋಧ ದಾವೆಯನ್ನೇ ವ್ಯಾಪಾರದ ಆಯುಧ ಮಾಡಿಕೊಳ್ಳುವುದಕ್ಕೆ. ಒಂದು ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್ ಇಡುವ ತಂತ್ರದ ವಿಷಯದಲ್ಲಿ ಬಜಾಜ್ ಮತ್ತು ಟಿವಿಎಸ್ ಕಾದಾಡಿದ್ದನ್ನು ನೆನೆಯಿರಿ. ಟಿವಿಎಸ್‌ನ ಹೊಸ ಬೈಕಿಗೆ 2008ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಏಕಸದಸ್ಯ ಪೀಠದಿಂದ ತಡೆಯಾಜ್ಞೆ ಬಂತು. ದ್ವಿಸದಸ್ಯ ಪೀಠ ಅದನ್ನು ತೆರವು ಮಾಡಿದ್ದು 2009ರ ಮೇ ತಿಂಗಳಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, ಇಂಥ ದಾವೆಗಳನ್ನು ದಿನನಿತ್ಯ ವಿಚಾರಿಸಿ ಸಾಮಾನ್ಯವಾಗಿ ನಾಲ್ಕು ತಿಂಗಳೊಳಗೆ ಮುಗಿಸಬೇಕೆಂದಿತು. ಆದರೂ ಆ ಇಬ್ಬರೂ ರಾಜಿಯಾದದ್ದು 2019ರಲ್ಲಿ. ಅವರಲ್ಲಿ ಯಾರು ಸರಿ ಎಂದು ನಾವು ಹೇಳಹೊರಟಿಲ್ಲ. ಆದರೆ ಹದಿನೈದು ತಿಂಗಳ ತಡೆಯನ್ನು ಟಿವಿಎಸ್ ತಾಳಿಕೊಂಡೀತು. ಶಿರಸಿಯ ಒಂದು ವರ್ಕ್‌ಶಾಪಿಗೆ ಕೊನೆಕೊಯ್ಲಿನ ಒಂದು ಹಂಗಾಮು ತಪ್ಪಿದರೆ ಬಾಗಿಲು ಹಾಕಿದ ಹಾಗೆಯೇ.

ಇದೇ ಬೆದರಿಕೆ ಹೊಲಕ್ಕೂ ಬಂದಿದೆ. 2019ರಲ್ಲಿ ಪೆಪ್ಸಿಕೋ ಗುಜರಾತಿನ ಸಾಬರಕಾಂಠಾದ ನಾಲ್ವರು ಆಲೂಗಡ್ಡೆ ಬೆಳೆಗಾರರಿಂದ ತಲಾ ಒಂದು ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ಕೇಳಿತು. ಅಲ್ಲಿದ್ದದ್ದು ಪೇಟೆಂಟ್ ಅಲ್ಲ, ತಳಿಯ ನೋಂದಣಿ. ಆ ನೋಂದಣಿ ಕೊಡುವ 2001ರ ತಳಿ ಕಾಯ್ದೆಯೇ ಬ್ರ್ಯಾಂಡ್ ಹಾಕದ ಬೀಜವನ್ನು ಉಳಿಸಲು, ಬಿತ್ತಲು, ಹಂಚಲು, ಮಾರಲು ರೈತನಿಗೆ ಹಕ್ಕು ಕೊಟ್ಟಿದೆ. ದೇಶವೆಲ್ಲ ಕೇಳುವಷ್ಟು ಗಲಾಟೆಯಾದ ಮೇಲೆ ಕಂಪನಿ ದಾವೆ ಹಿಂತೆಗೆದುಕೊಂಡಿತು. ಆ ಗಲಾಟೆ ಆಗದಿದ್ದರೆ?

ಆದ್ದರಿಂದ ನಮ್ಮ ನಿಲುವು ಇದು. ನಿಜವಾಗಿ ಕಂಡುಹಿಡಿದು, ಅದನ್ನು ತಯಾರಿಸುವವರು ಅಥವಾ ತಯಾರಿಸಲು ಬೇರೆಯವರಿಗೆ ಕೊಡುವವರು ನಕಲು ಮಾಡಿದವರ ಮೇಲೆ ದಾವೆ ಹೂಡಲಿ. ಪೇಟೆಂಟನ್ನು ಕಪಾಟಿನಲ್ಲಿಟ್ಟು ಇನ್ನೊಬ್ಬರ ಕೆಲಸ ನಿಲ್ಲಿಸುವವರಿಗೆ ತಡೆಯಾಜ್ಞೆ ಸಿಗಬಾರದು. ತನ್ನ ಯಂತ್ರವನ್ನು ತಾನೇ ರಿಪೇರಿ ಮಾಡಿಕೊಳ್ಳುವ ರೈತನ ಮೇಲೆ ಯಾವ ದಾವೆಯೂ ಬೇಡ. 1970ರ ಪೇಟೆಂಟ್ ಕಾಯ್ದೆಯ 3ನೇ ಕಲಂ ಬೇಸಾಯದ ವಿಧಾನ, ಬೀಜ, ಪಾರಂಪರಿಕ ಜ್ಞಾನ, ಬರೀ ಕಂಪ್ಯೂಟರ್ ಪ್ರೋಗ್ರಾಂ ಇವುಗಳನ್ನು ಪೇಟೆಂಟಿನಿಂದ ಹೊರಗಿಟ್ಟಿದೆ. ಅದರ ಒಂದಕ್ಷರವನ್ನೂ ಸಡಿಲಿಸಲು ಬಿಡಬಾರದು. ಸುಪ್ರೀಂ ಕೋರ್ಟ್ ಹೇಳಿದ ನಾಲ್ಕು ತಿಂಗಳ ಮಾತನ್ನು ಕೋರ್ಟುಗಳು ಪಾಲಿಸಬೇಕು.

ಬೇಡಿಕೆಯಿಟ್ಟು ಕೂರುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲೂಕುಗಳಲ್ಲಿ ಹುಟ್ಟಿದ ಪ್ರತಿ ಸಲಕರಣೆಯ ಚಿತ್ರ, ಅಳತೆ, ತಾರೀಖು ಬರೆದಿಟ್ಟು ಪ್ರಕಟಿಸುತ್ತೇವೆ. ಹಾಗೆ ಪ್ರಕಟವಾದದ್ದನ್ನು ನಾಳೆ ಮತ್ತೊಬ್ಬರು ತಮ್ಮದೆನ್ನಲು ಆಗದು. ಪೇಟೆಂಟ್ ಬೇಕೆನ್ನುವವರು ಮಾತ್ರ ಮೊದಲು ಅರ್ಜಿ ಹಾಕಿ, ಆಮೇಲೆ ಕೃಷಿಮೇಳದಲ್ಲಿ ತೋರಿಸಲಿ. ಪ್ರತಿ ಶುಕ್ರವಾರ ಬರುವ ಪೇಟೆಂಟ್ ಜರ್ನಲ್ ಓದುತ್ತೇವೆ. ನಮಗೆ ಮೊದಲೇ ಗೊತ್ತಿದ್ದದ್ದಕ್ಕೆ ಯಾರಾದರೂ ಅರ್ಜಿ ಹಾಕಿದರೆ ಪೇಟೆಂಟ್ ಕಾಯ್ದೆಯ 25ನೇ ಕಲಮಿನಡಿ ಆಕ್ಷೇಪ ಸಲ್ಲಿಸುತ್ತೇವೆ. ಪೇಟೆಂಟ್ ಮಂಜೂರಾಗುವ ಮೊದಲು ಯಾರು ಬೇಕಾದರೂ ಸಲ್ಲಿಸಬಹುದು. ಆಧಾರವಿಲ್ಲದೆ ಬೆದರಿಸುವವರ ಮೇಲೆ ತಿರುಗಿ ದಾವೆ ಹೂಡಲು 106ನೇ ಕಲಂ ಇದೆ, ಅದನ್ನೂ ಬಳಸುತ್ತೇವೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಬಂಧುಗಳೇ, ನಿಮ್ಮ ಕೈಯಲ್ಲಿ ಹುಟ್ಟಿದ ಸಲಕರಣೆಯ ವಿವರ ಬರೆದು ಕೊಡಿ. ನೋಟಿಸ್ ಬಂದರೆ ಹೆದರಿ ಸಹಿ ಹಾಕಬೇಡಿ. ಮೊದಲು ನಮ್ಮಲ್ಲಿಗೆ ತನ್ನಿ.